ಟಕ್ ಅಂದ ಮೇಲೆ

ಆಗ ನಾನು ಒಂಬತ್ತನೇ ಕ್ಲಾಸು. 1983. ನಮ್ಮ ಕನ್ನಡ ಮಾಸ್ಟ್ರಿಗೆ ಆಟ-ಕೂಟದ, ಅಂದರೆ ಯಕ್ಷಗಾನ, ತಾಳಮದ್ದಳೆಯ ಹುಚ್ಚು. ಪುತ್ತೂರಿನ ಹತ್ತಿರ ಎಲ್ಲೋ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇದೆ ಅಂತ ಸುದ್ದಿ ಬಂದರೆ ಮುಗೀತು, ಶನಿವಾರ ಅರ್ಧ ಪಾಠದಲ್ಲೇ ವಾಚು ನೋಡಲು ಶುರು. ಅಂಥದ್ದೊಂದು ಶನಿವಾರ ನಮ್ಮ ನಾಲ್ಕು ಜನರನ್ನೂ ಕರೆದುಕೊಂಡು ಹೋದರು. ತಮ್ಮ ಟೇಪ್ ರೆಕಾರ್ಡರನ್ನು ನನ್ನ ತೊಡೆಯ ಮೇಲಿಟ್ಟು, "ಅರ್ಧ ಗಂಟೆಗೆ ಟಕ್ ಅಂತದೆ. ಕ್ಯಾಸೆಟ್ ತಿರುಗಿಸಿ ಹಾಕು, ಮರೀಬೇಡ ಮಾರಾಯ" ಅಂದರು.

ನನಗೆ ಮೊದಲು ಬೇಜಾರೇ ಆಯಿತು. ಕಿರೀಟ ಇಟ್ಟ ವಾಲಿ ಕುಣಿಯುತ್ತಾ ಬರುತ್ತಾನೆ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಬಿಳಿ ಪಂಚೆ ಉಟ್ಟ, ಹೆಗಲಿಗೆ ಶಾಲು ಹಾಕಿದ ವಯಸ್ಸಾದವರೊಬ್ಬರು ಮೈಕಿನ ಮುಂದೆ ಸುಮ್ನೆ ಕೂತಿದ್ದಾರೆ. ತಾಳಮದ್ದಳೆ ಅಂದರೆ ಅಷ್ಟೇ. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಮಾತಾಡುತ್ತಾನೆ. ಪದ್ಯ ಪುಸ್ತಕದಲ್ಲಿದೆ, ಮಾತು ಎಲ್ಲೂ ಇಲ್ಲ. ಅಲ್ಲೇ ಹುಟ್ಟಬೇಕು.

ವಾಲಿಗೆ ಬಾಣ ತಾಗಿತು. ಮದ್ದಳೆ ನಿಂತಿತು. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನಗೂ ನನಗೂ ಏನು ಜಗಳ? ಈ ಪ್ರಶ್ನೆಗಳು ರಾಮಾಯಣದಲ್ಲೇ ಇವೆ, ಹೊಸದೇನಲ್ಲ. ಆದರೆ ಶೇಣಿಯವರು ಅವನ್ನು ಅವಸರವಿಲ್ಲದೆ, ಒಂದಕ್ಕೊಂದು ಗಂಟು ಹಾಕುತ್ತಾ ಹೋದರು. ರಾಮನ ಪಕ್ಷದಲ್ಲಿದ್ದ ನಾನು ಯಾವಾಗ ಆಚೆ ದಾಟಿದೆನೋ ತಿಳಿಯಲಿಲ್ಲ.

ಶೇಣಿಯವರು 1918ರಲ್ಲಿ ಹುಟ್ಟಿದ್ದು ಕುಂಬಳೆ ಸೀಮೆಯಲ್ಲಿ, ಅಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲದಲ್ಲಿ. ಹರಿಕಥೆ ಮಾಡಿದರು, ಸುರತ್ಕಲ್ ಮೇಳ ಅನ್ನುವ ಯಕ್ಷಗಾನ ತಂಡದಲ್ಲಿ ವೇಷ ಕಟ್ಟಿದರು, ಆತ್ಮಕಥೆ ಬರೆದರು. ಬಪ್ಪನಾಡು ಕ್ಷೇತ್ರದ ಕಥೆಯಲ್ಲಿ ಬರುವ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತು. 2006ರಲ್ಲಿ ತೀರಿಕೊಂಡರು. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಮಾಸ್ಟ್ರು ಹೇಳುತ್ತಿದ್ದದ್ದು ಇಷ್ಟೇ: "ರಾವಣ, ವಾಲಿ, ಮಾಗಧ ಜರಾಸಂಧ. ಸೋಲುವವರಿಗೆಲ್ಲ ಇವರೇ ವಕೀಲರು!"

ಸೋಮವಾರ ಕ್ಲಾಸಿನಲ್ಲಿ ಟೇಪ್ ಹಾಕಿದರು. ಚೆಂಡೆ, ಪದ್ಯ, ನಡುವೆ ಯಾರದೋ ಕೆಮ್ಮು. ವಾಲಿ ಎರಡನೇ ಪ್ರಶ್ನೆಗೆ ಬಾಯಿ ತೆರೆದ. ಟಕ್. ಮಾಸ್ಟ್ರು ಕ್ಯಾಸೆಟ್ ತಿರುಗಿಸಿ ಹಾಕಿದರು. ಬರೀ ಸುಯ್ಯ್ ಅನ್ನುವ ಸದ್ದು.

ನಾನು ತಲೆ ಎತ್ತಲಿಲ್ಲ. ಅವರು ಬೈಯಲೂ ಇಲ್ಲ. "ನೀನು ಕೇಳಿದ್ದೀಯಲ್ಲ, ಮುಂದಿನದು ಹೇಳು" ಅಂತ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿದರು. ಕ್ಲಾಸಿನ ಲೀಡರನ್ನು ಎದುರಿಗೆ ರಾಮನಾಗಿ ನಿಲ್ಲಿಸಿದರು. ತೊದಲುತ್ತಾ ಎರಡು ನಿಮಿಷ ಮಾತಾಡಿರಬಹುದು. ಅರ್ಧ ಶೇಣಿಯವರದು, ಅರ್ಧ ನನ್ನದೇ. ರಾಮ ಸ್ವಲ್ಪ ಹೊತ್ತು ಮಾಸ್ಟ್ರ ಮುಖ ನೋಡಿದ, ಆಮೇಲೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟ.