ನಾನು ‘ಆಂಕ್ಷಿಯಸ್’, ನನ್ನ ಗಂಡ ‘ಅವಾಯ್ಡೆಂಟ್’: ಇದು ಬದಲಾಗುತ್ತಾ?

ಬಾಂಧವ್ಯದ ಶೈಲಿ (ಅಟ್ಯಾಚ್‌ಮೆಂಟ್ ಸ್ಟೈಲ್), ಅಂದರೆ ಆಪ್ತರ ಜೊತೆ ನಾವು ನಂಟು ಇಟ್ಟುಕೊಳ್ಳುವ ರೀತಿ ಯಾವುದೆಂದು ಹೇಳುವ ಆನ್‌ಲೈನ್ ಕ್ವಿಜ್ ಮುಗಿಸಿದವರೆಲ್ಲ ಕೇಳುವ ಪ್ರಶ್ನೆ ಇದು. ಬದಲಾಗುತ್ತದೆ, ನಿಧಾನಕ್ಕೆ. ಮೊದಲು ಆ ಹಣೆಪಟ್ಟಿಗಳನ್ನು ಕಿತ್ತುಹಾಕಿ.

ಸಂಶೋಧಕರು ಹೆಚ್ಚಾಗಿ ಬಳಸುವ 1998ರ ಪ್ರಶ್ನಾವಳಿಯಲ್ಲಿ 36 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಬಿಟ್ಟುಹೋದರೆ ಎಂಬ ಆತಂಕವನ್ನು (‘ಆಂಕ್ಷಿಯಸ್’) 18 ಹೇಳಿಕೆಗಳು ಅಳೆಯುತ್ತವೆ, ಆಪ್ತತೆಯಿಂದ ಜಾರಿಕೊಳ್ಳುವ ಗುಣವನ್ನು (‘ಅವಾಯ್ಡೆಂಟ್’) ಇನ್ನು 18. ಎರಡೂ ಕಡಿಮೆಯಿದ್ದರೆ ಸುರಕ್ಷಿತ ಬಾಂಧವ್ಯ. ಎರಡೂ ಹೆಚ್ಚಿರುವವರೂ ಇದ್ದಾರೆ: ಹತ್ತಿರ ಕರೆಯುತ್ತಾರೆ, ಬಂದ ಕೂಡಲೇ ಬಾಗಿಲು ಹಾಕುತ್ತಾರೆ. ಗಂಡನ ಜೊತೆ ಒಂಥರಾ, ಅಮ್ಮನ ಜೊತೆ ಇನ್ನೊಂಥರಾ ಇರುವುದೂ ಉಂಟು. ಹತ್ತು ಪ್ರಶ್ನೆಯ ಕ್ವಿಜ್‌ಗೆ ಅಷ್ಟೆಲ್ಲ ವ್ಯವಧಾನ ಎಲ್ಲಿದೆ!

ಈ ವಿಂಗಡಣೆಯ ಮೂಲ ಇರುವುದು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ. ವರ್ಷ ತುಂಬಿದ ಮಗುವನ್ನು ಆಟಿಕೆಗಳಿರುವ ಕೋಣೆಯಲ್ಲಿ ಬಿಟ್ಟು ತಾಯಿ ಎರಡು ಸಲ ಹೊರಗೆ ಹೋಗಿ ಬರುತ್ತಾಳೆ, ಮೊದಲ ಸಲ ಹೆಚ್ಚೆಂದರೆ ಮೂರು ನಿಮಿಷ, ಎರಡನೇ ಸಲ ಹೆಚ್ಚೆಂದರೆ ಆರು. ಮಗು ಎಷ್ಟು ಅತ್ತಿತು ಅನ್ನುವುದಕ್ಕಿಂತ ತಾಯಿ ವಾಪಸ್ ಬಂದಾಗ ಏನು ಮಾಡಿತು ಅನ್ನುವುದಕ್ಕೇ ಅಲ್ಲಿ ಬೆಲೆ. ಕೆಲವು ಮಕ್ಕಳು ತೋಳಿಗೆ ಬಂದು ಸಮಾಧಾನವಾಗಿ ಮತ್ತೆ ಆಟಕ್ಕಿಳಿದವು. ಕೆಲವು ಅಪ್ಪಿಕೊಂಡೇ ಒದ್ದವು. ಇನ್ನು ಕೆಲವು ತಲೆ ಎತ್ತದೆ ಆಟಿಕೆ ತಿರುಗಿಸುತ್ತ ಕೂತವು. ಮುಂದೆ ಇಂಥ ಮಕ್ಕಳ ಎದೆಬಡಿತ ಅಳೆದಾಗ ಗೊತ್ತಾಯಿತು, ಸುಮ್ಮನೆ ಕೂತ ಮಗುವಿನ ಎದೆಯೂ ಹೊಡೆದುಕೊಳ್ಳುತ್ತಿತ್ತು.

ಹಾಗಾಗಿ ಜಗಳದ ನಡುವೆ ಮೊಬೈಲ್ ಹಿಡಿದು ಕೂತವರಿಗೆ ಏನೂ ಅನ್ನಿಸುತ್ತಿಲ್ಲ ಎಂದು ತೀರ್ಮಾನಿಸಬೇಡಿ. ಸಾಮಾನ್ಯವಾಗಿ ಆಗುವುದು ಇಷ್ಟು: ಒಬ್ಬರು ಕೆದಕುತ್ತಾರೆ, ಇನ್ನೊಬ್ಬರು ಮಾತು ನಿಲ್ಲಿಸುತ್ತಾರೆ, ಆ ಮೌನಕ್ಕೆ ಹೆದರಿ ಮೊದಲಿನವರ ದನಿ ಏರುತ್ತದೆ.

ಇದನ್ನು ತಡೆಯಲು ವಿರಾಮ ತೆಗೆದುಕೊಳ್ಳಿ, ಗಂಟೆ ಹೇಳಿ. “ಈಗ ತಲೆ ಓಡ್ತಿಲ್ಲ ಕಣೇ, ಒಂಬತ್ತಕ್ಕೆ ಮಾತಾಡೋಣ.” ಮೈ ತಣ್ಣಗಾಗಲು ಇಪ್ಪತ್ತು ನಿಮಿಷವಾದರೂ ಬೇಕು, ನಾಳೆಗೆ ಮಾತ್ರ ಎಳೆಯಬೇಡಿ. ವಿರಾಮ ಕೇಳಿದವರೇ ಮೊದಲು ಬಂದು ವಿಷಯ ಎತ್ತಬೇಕು. ಬಹಳ ಮನೆಗಳಲ್ಲಿ ಕೆಡುವುದು ಇಲ್ಲೇ: ಒಂಬತ್ತಕ್ಕೆ ಊಟಕ್ಕೆ ಬರುತ್ತಾರೆ, ಆ ಮಾತು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಾರೆ. ಮುಂದಿನ ಸಲ ವಿರಾಮ ಕೇಳಿದರೆ ಯಾರು ನಂಬುತ್ತಾರೆ?

ಕಾಯುವವರ ಕೆಲಸ ಬೇರೆ. “ನಿಮಗೆ ನನ್ನ ಚಿಂತೆಯೇ ಇಲ್ಲ” ಅನ್ನುವ ಬದಲು “ಲೇಟಾದರೆ ಏಳರೊಳಗೆ ಒಂದು ಮೆಸೇಜ್ ಹಾಕ್ರೀ” ಅನ್ನಿ. ಮಾಡಬಹುದಾದ ಕೆಲಸ ಸಿಕ್ಕರೆ ಮಾಡುತ್ತಾರೆ. ಬೇಕೆಂದೇ ಫೋನ್ ಎತ್ತದೆ ಅವರನ್ನು ಪರೀಕ್ಷಿಸುವುದನ್ನು ಇವತ್ತೇ ಬಿಡಿ. ಆ ಪರೀಕ್ಷೆಯಲ್ಲಿ ಪಾಸಾದವರಿಗೂ ಇನ್ನೊಂದು ಪರೀಕ್ಷೆ ಕಾದಿರುತ್ತದೆ.

ಹೊಡೆತ, ಬೆದರಿಕೆ, ಶಿಕ್ಷೆಗೆಂದೇ ವಾರಗಟ್ಟಲೆ ಮಾತು ಬಿಡುವುದು, ಇವನ್ನು ಬಾಂಧವ್ಯದ ಶೈಲಿ ಎಂದು ಸಹಿಸಿಕೊಳ್ಳಬೇಡಿ. ಹೊಡೆತ, ಬೆದರಿಕೆ ಇರುವಲ್ಲಿ ಮೇಲಿನ ಉಪಾಯ ನಡೆಯುವುದಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.