ಬೇಗೂರಿನಿಂದ ಹೆಬ್ಬಾಳಕ್ಕೆ, ಬುಲೆಟ್ ಮೇಲೆ

ಸೈನ್ಯದ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ ನಮ್ಮ ಚಿಕ್ಕಪ್ಪನವರಿಗೆ ಬೈಕಿನ ಹಿಂದಿನ ಸೀಟೆಂದರೆ ಅಷ್ಟಕ್ಕಷ್ಟೇ. ಮೊಣಕಾಲು ನೋವಿನಿಂದಾಗಿ ಕಿಕ್ ಹೊಡೆಯುವ ಕೆಲಸವನ್ನು ಒಲ್ಲದ ಮನಸ್ಸಿನಿಂದ ನನಗೆ ಬಿಟ್ಟುಕೊಟ್ಟು, ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ನನ್ನ ಹಳೆಯ ಬುಲೆಟ್ ಏರಿದರು. ಯುದ್ಧದಲ್ಲಿ ಮಡಿದವರಿಗೆ ಬೆಂಗಳೂರಿನಲ್ಲಿ ನೆಟ್ಟ ಕಲ್ಲುಗಳನ್ನು ಒಂದೇ ದಿನದಲ್ಲಿ ನೋಡಿಬರಬೇಕೆಂಬುದು ನನ್ನ ಯೋಜನೆ. "ಸತ್ತವರನ್ನು ನೋಡೋಕೆ ಇಷ್ಟು ಬೆಳಗ್ಗೆ ಯಾಕೋ?" ಎಂದು ಗೊಣಗಿದರೂ ಶೂ ಪಾಲಿಶ್ ಮಾಡಿಕೊಂಡೇ ಬಂದಿದ್ದರು.

ಮೊದಲ ನಿಲುಗಡೆ ಬೇಗೂರು. ಗಂಗರ ಕಾಲದ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ 'ಬೆಂಗಳೂರ ಕಾಳಗ'ದ ಉಲ್ಲೇಖವಿದೆ; ಆ ಕಾಳಗದಲ್ಲಿ ಇಲ್ಲಿನ ಗಂಗರ ಅಧಿಕಾರಿ ನಾಗತ್ತರನ ಕಡೆಯವನಾದ ಬುಟ್ಟಣನೆಂಬವನು ಸತ್ತನೆಂದು ಅದು ದಾಖಲಿಸುತ್ತದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ ಬೆಂಗಳೂರಾಯಿತೆಂಬ ಕಥೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ, ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಊರಿನ ಹೆಸರು ಒಂದು ಸಾವಿನ ಸುದ್ದಿಯೊಳಗೆ ಸೇರಿಕೊಂಡಿತ್ತೆಂಬುದು ಜೀರ್ಣವಾಗಲು ಸ್ವಲ್ಪ ಹೊತ್ತು ಬೇಕು. ಚಿಕ್ಕಪ್ಪನವರು ಅಕ್ಷರಗಳನ್ನು ಬಹಳ ಹೊತ್ತು ದಿಟ್ಟಿಸಿ, "ಇವನದು ಯಾವ ಪಡೆ?" ಎಂದು ಕೇಳಿದರು. ನಾಗತ್ತರನದು ಎಂದೆ. ಅಷ್ಟು ವಿವರ ಅವರಿಗೆ ಸಾಲಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ, ಭಾನುವಾರವೂ ಅದು ಅದೇ.

ಕೃಷ್ಣರಾಜ ಮಾರುಕಟ್ಟೆಯ ಹೂವಿನ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಕೋಟೆಯ ದೆಹಲಿ ಬಾಗಿಲಿಗೆ ಬಂದೆವು. 1537ರಲ್ಲಿ ಕೆಂಪೇಗೌಡರು ಮಣ್ಣಿನಿಂದ ಕಟ್ಟಿಸಿದ್ದ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಿಂದ ಕಟ್ಟಿಸಿದನು. ಈಗ ಉಳಿದಿರುವುದು ಅದರ ಒಂದು ಚೂರು. ಟಿಪ್ಪುವಿನ ವಿರುದ್ಧ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ 1791ರ ಮಾರ್ಚ್ 21ರಂದು ಇಲ್ಲಿಂದಲೇ ಒಳನುಗ್ಗಿತೆಂದು ಗೋಡೆಯಲ್ಲಿ ಕೂಡಿಸಿದ ಫಲಕ ಹೇಳುತ್ತದೆ. ಕೊನೆಯವರೆಗೂ ಹೋರಾಡಿ ಮಡಿದ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಬಹದ್ದೂರ್ ಖಾನನಿಗೆ ಆ ಫಲಕದಲ್ಲಿ ಒಂದು ಸಾಲೂ ಇಲ್ಲ. ಗೆದ್ದವರು ಬರೆಸಿದ ಕಲ್ಲು ಹಾಗೆಯೇ ಇರುತ್ತದೆಂದು ಸುಮ್ಮನಾಗಬಹುದು, ಆದರೆ ಬೇಗೂರಿನಿಂದ ನೇರ ಬಂದವನಿಗೆ ಅದು ಸ್ವಲ್ಪ ಹೆಚ್ಚೇ ಚುಚ್ಚುತ್ತದೆ.

ಅಲ್ಲಿಂದ ಹೊರಟು ಹಡ್ಸನ್ ವೃತ್ತ ತಲುಪುವಷ್ಟರಲ್ಲಿ ಕ್ಲಚ್ ಕೇಬಲ್ ತುಂಡಾಯಿತು. ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಟ್ಯಾಂಕಿನ ಕೆಳಗೆ ಹಳೆಯ ಕೇಬಲ್ಲಿನ ಜೊತೆಗೇ ಟೇಪು ಸುತ್ತಿ ಇಟ್ಟಿದ್ದ ಇನ್ನೊಂದು ಕೇಬಲನ್ನು ನಾನು ಎಳೆದು ತೆಗೆಯುತ್ತಿದ್ದರೆ, ಚಿಕ್ಕಪ್ಪನವರು ನನ್ನನ್ನು ಪಕ್ಕಕ್ಕೆ ಸರಿಸಿ ಫುಟ್‌ಪಾತಿನಲ್ಲೇ ಕುಳಿತು, ಕೇಬಲ್ಲಿನ ತುದಿಯ ಗುಂಡನ್ನು ಲಿವರಿನ ತೂತಿಗೆ ಕೂರಿಸಿ, ಬೆರಳಿನಿಂದಲೇ ಅಡ್ಜಸ್ಟರ್ ತಿರುಗಿಸಿ, ಲಿವರಿನ ಸಡಿಲವನ್ನು ಎರಡು ಮೂರು ಸಲ ಒತ್ತಿ ನೋಡಿ ತೃಪ್ತರಾದರು. ನಾವು ಹಾಗೆ ಕುಳಿತಿದ್ದ ವೃತ್ತದಲ್ಲಿಯೇ 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ಸ್ಮಾರಕ ಸ್ತಂಭವಿತ್ತು. 1964ರಲ್ಲಿ ಅದನ್ನು ಕೆಡವಲಾಯಿತು. ಈಗ ಪಾಲಿಕೆ ಕಚೇರಿಯ ಎದುರು ನಿಂತಿರುವವರು ಕೆಂಪೇಗೌಡರು. ಕೆಡವಿದ್ದು ಸರಿಯೇ ಎಂದು ಕೇಳಿದೆ. "ಸತ್ತ ಸಿಪಾಯಿ ಮೇಲೆ ನನಗೇನೂ ಕೋಪ ಇಲ್ಲ" ಎಂದಷ್ಟೇ ಹೇಳಿ, ಗ್ರೀಸ್ ಮೆತ್ತಿದ ಕೈಯನ್ನು ನನ್ನ ಕರವಸ್ತ್ರಕ್ಕೆ ಒರೆಸಿದರು.

ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿರುವ ಬೇಗೂರಿನ ಇನ್ನೊಂದು ವೀರಗಲ್ಲು ಈ ದಿನದ ಅತ್ಯುತ್ತಮ ನೋಟ. ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋಗಿ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ಸತ್ತ ನಾಗತ್ತರನ ಕಲ್ಲದು. ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಬೀಳುವಂತೆ ಕೆತ್ತಿದ ಆ ಚಪ್ಪಡಿಯಲ್ಲಿ ಗದ್ದಲವೇ ಕೇಳಿಸುವಂತಿದೆ. ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ ಊರುಗಳನ್ನು ಕೊಟ್ಟ ವಿಷಯವೂ ಅದರಲ್ಲಿದೆ. "ಪಿಂಚಣಿ ಆಗಲೂ ಇತ್ತು ಅನ್ನು" ಎಂದರು ಚಿಕ್ಕಪ್ಪ.

ಬ್ರಿಗೇಡ್ ರಸ್ತೆಯ ತುದಿಯ ಪಯನಿಯರ್ ಸ್ಮಾರಕದ ಮುಂದೆ ಅವರು ಬೈಕು ನಿಲ್ಲುವ ಮೊದಲೇ ಇಳಿದುಬಿಟ್ಟರು. 1780ರಲ್ಲಿ ಕಟ್ಟಿದ, ಸೈನ್ಯಕ್ಕೆ ದಾರಿ ಮಾಡಿಕೊಡುವ ಮದ್ರಾಸ್ ಪಯನಿಯರ್ ಕಂಪನಿಗಳೇ ಅವರ ಪಡೆಯ ಮೂಲ. ಮೊದಲ ಮಹಾಯುದ್ಧದಲ್ಲಿ ಮಡಿದ ಪಯನಿಯರ್‌ಗಳನ್ನು ಈ ಸ್ಮಾರಕ ನೆನೆಯುತ್ತದೆ. ಮುಳ್ಳುತಂತಿಯ ಬೇಲಿ ಸಿಡಿಸುವ 'ಬೆಂಗಳೂರ್ ಟಾರ್ಪಿಡೊ'ವನ್ನು 1912ರಲ್ಲಿ ಇದೇ ಊರಿನಲ್ಲಿ ತಮ್ಮ ಪಡೆಯ ಮೆಕ್‌ಕ್ಲಿಂಟಾಕ್ ಎಂಬ ಅಧಿಕಾರಿ ರೂಪಿಸಿದರೆಂದು, ಅದು 1944ರಲ್ಲಿ ನಾರ್ಮಂಡಿಯ ಕಡಲತೀರದವರೆಗೂ ಹೋಯಿತೆಂದು ನನಗೆ ಹತ್ತನೆಯ ಸಲ ಹೇಳಿದರು. ಸುತ್ತ ಶಾಪಿಂಗ್‌ಗೆ ಬಂದವರು ಸ್ಮಾರಕವನ್ನು ಬಳಸಿ ನಡೆಯುತ್ತಿದ್ದರು. ಚಿಕ್ಕಪ್ಪ ಅಟೆನ್ಷನ್ನಿನಲ್ಲಿ ನಿಂತು ಸೆಲ್ಯೂಟ್ ಹೊಡೆದಾಗ ಇಬ್ಬರು ಹುಡುಗರು ಮೊಬೈಲ್ ಕೆಳಗಿಳಿಸಿದರು.

ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್‌ಗಳೊಂದಿಗೆ ನಮ್ಮ ಸಂಸ್ಥಾನದ ಸವಾರರು, ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದು ಕುದುರೆ ಓಡಿಸಿ ಹೈಫಾ ಪಟ್ಟಣವನ್ನು ಗೆದ್ದರು. ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳನ್ನು ಹಿಡಿಯಲು ಹತ್ತಿದವರು ಮೈಸೂರಿನವರು. ಈ ಸವಾರರ ನೆನಪಿಗೆ ನಿಂತ ದೆಹಲಿಯ ತೀನ್ ಮೂರ್ತಿ ಸ್ಮಾರಕ ಎಲ್ಲರಿಗೂ ಗೊತ್ತು, ಅದರ ಒಂದು ಮೂರ್ತಿ ಮೈಸೂರಿನದೆಂಬುದು ಬೆಂಗಳೂರಿನವರಿಗೇ ಗೊತ್ತಿಲ್ಲ.

ಹೆಬ್ಬಾಳ ಮುಟ್ಟುವಾಗ ಹೊತ್ತು ಇಳಿದಿತ್ತು. ನೆಲ ಅಗೆಯುವಾಗ 2018ರಲ್ಲಿ ಹೊರಬಂದ ಕಿತ್ತಯ್ಯನ ವೀರಗಲ್ಲು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ರಟ್ಟರ ದಾಳಿಯನ್ನು ಎದುರಿಸಿ ಸತ್ತವನವನು. ಈಗ ಅದಕ್ಕೊಂದು ಮಂಟಪವಾಗಿದೆ. ಚಿಕ್ಕಪ್ಪ ಮತ್ತೆ ಅದೇ ಪ್ರಶ್ನೆ ಕೇಳಿದರು.

"ಪಡೆ ಗೊತ್ತಿಲ್ಲ ಚಿಕ್ಕಪ್ಪ. ಪೆರ್ಬೊಳಲ್ ನಾಡು ಅಂತಿದೆ. ಅಂದರೆ ಇದೇ ಹೆಬ್ಬಾಳದ ಸುತ್ತಮುತ್ತ."

"ಊರ ಹುಡುಗ ಹಾಗಾದರೆ" ಎಂದು, ಶೂ ಬಿಚ್ಚಿ ಒಳಗೆ ಹೋದರು.