ಹಸಿರಾಗದ ಶುಂಠಿ-ಬೆಳ್ಳುಳ್ಳಿ ಪೇಸ್ಟ್: ಕೊನೆಗೂ ಹಿಡಿತಕ್ಕೆ ಬಂತು

ಫ್ರೀಜರ್‌ನಿಂದ ತೆಗೆದ ಪೇಸ್ಟಿನ ಹಾಳೆ ಇನ್ನೂ ಕೆನೆಬಣ್ಣದಲ್ಲೇ ಇದೆ. ನಿಂಬೆ ಹಾಕಿಲ್ಲ, ವಿನೆಗರ್ ಹಾಕಿಲ್ಲ, ಬೆಳ್ಳುಳ್ಳಿ ಬೇಯಿಸಿಲ್ಲ, ಆದರೂ ಎಲ್ಲೂ ಹಸಿರಿಲ್ಲ. ಬಾಣಲೆಗೆ ಬಿದ್ದ ಕೂಡಲೇ ಮೂಗಿಗೆ ಹೊಡೆಯುವ ಆ ಘಾಟೂ ಹಾಗೇ ಇದೆ. ಕಿರಾಣಿ ಬಿಲ್ಲಿನಿಂದ ಪೊಟ್ಟಣದ ಪೇಸ್ಟನ್ನು ಪೂರ್ತಿ ತೆಗೆದುಹಾಕಲು ಅಡ್ಡಿಯಾಗಿದ್ದದ್ದು ಮನೆಯ ಪೇಸ್ಟ್ ಇಟ್ಟಲ್ಲೇ ಹಸಿರಾಗುವ ಈ ಒಂದೇ ತಗಾದೆ. ಸುಲಿಯುವುದು, ಕೊಚ್ಚುವುದು, ರುಬ್ಬುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ಲೆಕ್ಕ. ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಯುನಿಟ್ ಸೇಲ್ ಪ್ರೈಸ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಂದು ಕಿಲೋಗಿಂತ ಕಡಿಮೆ ತೂಕದ ಸರಕಿಗೆ ಅದು ಗ್ರಾಂ ಲೆಕ್ಕದಲ್ಲಿರುವುದರಿಂದ ‘0.25’ ಅಂತ ನೋಡಿದಾಗ ಏನೂ ಅನ್ನಿಸುವುದಿಲ್ಲ. ಸಾವಿರದಿಂದ ಗುಣಿಸಿ: ಕಿಲೋಗೆ 250 ರೂಪಾಯಿ. 25 ಗ್ರಾಂನ 10 ರೂಪಾಯಿ ಸ್ಯಾಶೆ ಆದರೆ ಕಿಲೋಗೆ 400. ಚಿಕ್ಕ ಪೊಟ್ಟಣ ಅಗ್ಗ ಅನ್ನಿಸುವುದು ಕೈಯಿಂದ ಹೋಗುವ ನೋಟು ಚಿಕ್ಕದು ಎಂಬ ಕಾರಣಕ್ಕೆ ಮಾತ್ರ.

ಈಗ ಮನೆಯದು. ಬೆಳ್ಳುಳ್ಳಿ ಕಿಲೋಗೆ 160, ಹಸಿ ಶುಂಠಿ 100 ಅಂತ ಇಟ್ಟುಕೊಳ್ಳಿ. ಬುಡ, ದಂಟು, ಸಿಪ್ಪೆ ಕಳೆದರೆ ಒಂದು ಕಿಲೋ ಬೆಳ್ಳುಳ್ಳಿಯಲ್ಲಿ ಕೈಗೆ ಸಿಗುವ ಎಸಳು ಸುಮಾರು 820 ಗ್ರಾಂ, ಚಮಚದಲ್ಲಿ ಹೆರೆದ ಶುಂಠಿ ಸುಮಾರು 880 ಗ್ರಾಂ. ಅಂದರೆ ನಿಜವಾದ ಬೆಲೆ 195 ಮತ್ತು 114. ಸಮಭಾಗ ಬೆರೆಸಿದರೆ ಕಿಲೋಗೆ 155 ರೂಪಾಯಿ ಆಸುಪಾಸು. ಉಪ್ಪು, ಎಣ್ಣೆ ಸೇರಿದರೂ 160 ದಾಟುವುದಿಲ್ಲ.

ಆದರೆ ಈ ಲೆಕ್ಕ ಯಾವಾಗಲೂ ನಮ್ಮ ಕಡೆಗೇ ಇರುತ್ತದೆ ಅಂತ ಹೇಳಲಾರೆ. ಪೊಟ್ಟಣ ಕಿಲೋಗೆ 250ರಲ್ಲೇ ನಿಂತು ಶುಂಠಿಯೂ ಮೇಲೆ ಹೇಳಿದ 100ರಲ್ಲೇ ಇದ್ದರೆ, ಬೆಳ್ಳುಳ್ಳಿ 315 ದಾಟಿದ ದಿನ ಮನೆಯದೇ ದುಬಾರಿ. 2024ರ ಕೊನೆಯಲ್ಲಿ ಹಲವೆಡೆ ಬೆಳ್ಳುಳ್ಳಿ 400 ಮುಟ್ಟಿತ್ತಲ್ಲ, ಆಗ ಒಂದು ಕಿಲೋ ಪೇಸ್ಟಿಗೆ 300 ರೂಪಾಯಿ ಬೀಳುತ್ತಿತ್ತು. ಅಂಥ ಹೊತ್ತಿನಲ್ಲಿ ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ಓದಬೇಕು. ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕೆಂಬುದು ನಿಯಮ. ಶುಂಠಿ ಮೊದಲಿದ್ದರೆ ನೀವು ಬೆಳ್ಳುಳ್ಳಿಯ ಬೆಲೆ ಕೊಟ್ಟು ಶುಂಠಿ ತರುತ್ತಿದ್ದೀರಿ. ನೀರು ಮೇಲಿದ್ದರಂತೂ ಕೆಳಗಿಟ್ಟು ಬನ್ನಿ. ಐಎನ್‌ಎಸ್ ಅಂದರೆ ಆಹಾರಕ್ಕೆ ಬೆರೆಸುವ ರಾಸಾಯನಿಕಗಳಿಗೆ ಕೊಟ್ಟ ಸಂಖ್ಯೆ. 415 ಅಂದರೆ ಕ್ಸಾಂಥನ್ ಗಮ್, ನೀರನ್ನು ಹಿಡಿದು ಗಟ್ಟಿ ತೋರಿಸುವುದು ಅದರ ಕೆಲಸ. 260 ಮತ್ತು 330 ಹುಳಿಗೆ, 211 ಕೆಡದಂತೆ ಇಡಲು.

ಇನ್ನು ಹಸಿರಿನ ವಿಚಾರ.

ಬಿಳಿ ಗಾಜಿನ ಡಬ್ಬಿಯಲ್ಲಿಟ್ಟು ನೋಡಿದವರಿಗೆ ಗೊತ್ತು, ಬಣ್ಣ ಒಮ್ಮೆಲೇ ಬರುವುದಿಲ್ಲ. ಮೊದಲು ತಳದ ಅಂಚಿನಲ್ಲಿ, ಗಾಜಿಗೆ ಅಂಟಿದ ತೆಳುಪದರದಲ್ಲಿ ನವಿಲಿನ ಕತ್ತಿನಂಥ ನೀಲಿಗೆರೆ ಕಾಣುತ್ತದೆ. ಮಾರನೇ ದಿನ ಅದು ಒಳಗೆ ಹರಡಿ ಪಾಚಿಹಸಿರು. ವಾಸನೆ ಸರಿಯಿರುತ್ತದೆ, ತಿಂದರೆ ಏನೂ ಆಗುವುದಿಲ್ಲ. ಆದರೆ ಬಿಳಿ ಕುರ್ಮಾಗೆ ಅದನ್ನು ಹಾಕಿ ಮನೆಯವರ ಮುಂದಿಡಲು ಆಗುವುದಿಲ್ಲ. ಪೊಟ್ಟಣವೇ ವಾಸಿ ಎಂಬ ಮಾತು ಮನೆಗಳಲ್ಲಿ ಶುರುವಾಗುವುದೇ ಇಲ್ಲಿಂದ.

ಕಾರಣ ಹೀಗಿದೆ. ಎಸಳು ಜಜ್ಜಿದಾಗ ಒಳಗಿನ ಅಲಿನೇಸ್ ಎಂಬ ಕಿಣ್ವ ಹೊರಬಂದು ಗಂಧಕದ ಸಂಯುಕ್ತಗಳನ್ನು ಒಡೆಯುತ್ತದೆ. ಅಲಿಯಿನ್ ಒಡೆದರೆ ನಮಗೆ ಬೇಕಾದ ಘಾಟು. ಅದರ ಜೊತೆಗೇ ಇರುವ ಐಸೊಅಲಿಯಿನ್ ಒಡೆದರೆ ಹುಟ್ಟುವ ವಸ್ತು ಅಮೈನೊ ಆಮ್ಲಗಳ ಜೊತೆ ಸೇರಿ ಪೈರೋಲ್ ಎಂಬ ಅಣುಗಳಾಗುತ್ತದೆ, ಅವು ಒಂದಕ್ಕೊಂದು ಕೊಂಡಿಯಾಗಿ ನೀಲಿ-ಹಸಿರು ಬಣ್ಣ ಕೊಡುತ್ತವೆ. ಬೆಳ್ಳುಳ್ಳಿಯನ್ನು ತಣ್ಣಗೆ ಇಟ್ಟಷ್ಟೂ ಐಸೊಅಲಿಯಿನ್ ಜಾಸ್ತಿಯಾಗುತ್ತದೆ. ಕೋಲ್ಡ್ ಸ್ಟೋರೇಜ್ ಮಾಲು, ನಮ್ಮದೇ ಫ್ರಿಜ್‌ನ ಕೆಳಗಿನ ಡಬ್ಬದಲ್ಲಿ ಮಲಗಿದ ಗಡ್ಡೆ, ಎರಡೂ ಹಸಿರಿಗೆ ತಯಾರಾಗಿ ನಿಂತಿರುತ್ತವೆ. ಉತ್ತರ ಚೀನಾದಲ್ಲಿ ಇದನ್ನೇ ಬೇಕೆಂದು ಮಾಡುತ್ತಾರೆ: ತಣ್ಣಗಿಟ್ಟ ಬೆಳ್ಳುಳ್ಳಿಯನ್ನು ವಿನೆಗರ್‌ನಲ್ಲಿ ನೆನೆಸಿ ಪಚ್ಚೆಬಣ್ಣದ ‘ಲಾಬಾ’ ಬೆಳ್ಳುಳ್ಳಿ ತೆಗೆಯುತ್ತಾರೆ. ಅವರ ಹಬ್ಬದ ತಿನಿಸಿನ ವಿಧಾನವೇ ನಮ್ಮ ಪೇಸ್ಟಿನ ಕಾಯಿಲೆ.

ಇದು ತಿಳಿದರೆ ‘ಒಂದು ಚಮಚ ನಿಂಬೆರಸ ಹಿಂಡಿ, ಬಣ್ಣ ಉಳಿಯುತ್ತದೆ’ ಎಂಬ ಸಲಹೆ ಯಾಕೆ ಕೈಕೊಡುತ್ತದೆ ಅನ್ನುವುದೂ ತಿಳಿಯುತ್ತದೆ. ಅಲ್ಪಸ್ವಲ್ಪ ಹುಳಿ ಹಸಿರನ್ನು ತಡೆಯುವುದಿಲ್ಲ, ಕರೆದು ತರುತ್ತದೆ. ಕಿಣ್ವ ಕೆಲಸ ನಿಲ್ಲಿಸುವಷ್ಟು ಹುಳಿ ಹಾಕಿದರೆ ಅದು ಪೇಸ್ಟ್ ಅಲ್ಲ, ಉಪ್ಪಿನಕಾಯಿ.

ಬೇಯಿಸುವ ದಾರಿ ಇನ್ನೊಂದು. ಸುಲಿದ ಎಸಳನ್ನು ಕುದಿಯುವ ನೀರಿಗೆ ಹಾಕಿ ಎರಡು-ಮೂರು ನಿಮಿಷ ಬಿಟ್ಟು ತೆಗೆದರೆ ಕಿಣ್ವ ಸತ್ತುಹೋಗುತ್ತದೆ. ಹಸಿರು ಖಂಡಿತ ಬರುವುದಿಲ್ಲ. ಆದರೆ ಘಾಟು ಹುಟ್ಟಿಸುವ ಕಿಣ್ವವೂ ಅದೇ. ಪೇಸ್ಟ್ ಸಪ್ಪೆಯಾಗಿ, ಸ್ವಲ್ಪ ಸಿಹಿಯಾಗಿ ಬರುತ್ತದೆ. ತರಕಾರಿ ಪಲಾವಿಗೆ ನಡೆದೀತು. ಕೋಳಿಸಾರಿಗೆ, ಮಟನ್ ಚಾಪ್ಸಿಗೆ ಸಾಲದು.

ಹಾಗಾದರೆ ಮುಕ್ಕಾಲು ಭಾಗ ಬೇಯಿಸಿ ಕಾಲು ಭಾಗ ಹಸಿ ಸೇರಿಸಿದರೆ? ನೋಡಲು ಜಾಣ ಉಪಾಯ, ಆದರೆ ನಿಲ್ಲುವುದಿಲ್ಲ. ಬೇಯಿಸಿದ ಎಸಳಿನಲ್ಲಿ ಕಿಣ್ವ ಹೋಗಿದ್ದರೂ ಐಸೊಅಲಿಯಿನ್ ಒಡೆಯದೆ ಹಾಗೇ ಕೂತಿರುತ್ತದೆ. ಹಸಿ ಎಸಳಿನ ಕಿಣ್ವ ಬಂದು ಅದನ್ನೂ ಒಡೆಯುತ್ತದೆ. ಬಣ್ಣ ನಿಧಾನವಾಗಿ ಬರಬಹುದು, ಬರದೆ ಇರುವುದಿಲ್ಲ.

ಕೊನೆಗೆ ಬೀಗ ತೆರೆದದ್ದು ರುಬ್ಬುವುದಕ್ಕಿಂತ ಎಷ್ಟೋ ಮೊದಲಿನ ಹಂತದಲ್ಲಿ. ತಣ್ಣಗಿಟ್ಟರೆ ಏರುವ ಹಸಿರಿನ ಗುಣ ಬೆಚ್ಚಗಿಟ್ಟರೆ ಇಳಿಯುತ್ತದೆ. ಇಡೀ ಗಡ್ಡೆಗಳನ್ನು ಬಿಡಿಸದೆ, ಜಾಲಿ ಚೀಲದಲ್ಲಿ, 23 ಡಿಗ್ರಿಗಿಂತ ಮೇಲಿರುವ ಒಣ ಜಾಗದಲ್ಲಿ ಮೂರು-ನಾಲ್ಕು ವಾರ ತೂಗುಹಾಕಬೇಕು. ಕರಾವಳಿಯವರಿಗೆ, ರಾಯಚೂರು-ಕಲಬುರಗಿಯವರಿಗೆ ಯಾವ ಮೂಲೆಯಾದರೂ ಸೈ, ಕರಾವಳಿಯ ಮಳೆಗಾಲದಲ್ಲಿ ಮಾತ್ರ ಗಾಳಿಯಾಡುವ ಕಡೆ ಇಡಿ, ಇಲ್ಲದಿದ್ದರೆ ಬೂಷ್ಟು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಅಡುಗೆಮನೆಯ ಅಟ್ಟವೇ ಗತಿ. ಹೊರದೇಶದಲ್ಲಿರುವ ನಮ್ಮವರಿಗೆ ಸಿಗುವುದು ಹೆಚ್ಚಾಗಿ ಶೀತಲಗೃಹ ಕಂಡ ಮಾಲು, ಅವರು ಹೀಟರ್ ಇರುವ ಕೋಣೆಯಲ್ಲಿ ಇನ್ನೂ ಒಂದು ವಾರ ಜಾಸ್ತಿ ಕೊಡುವುದು ಒಳ್ಳೆಯದು.

ಗಡ್ಡೆ ತಯಾರಾಯಿತೇ ಅಂತ ನೋಡಲು ಹಸಿರು ಕರೆಯುವ ಆ ನಿಂಬೆಯನ್ನೇ ಬಳಸಿ. ಬೇರೆಬೇರೆ ಗಡ್ಡೆಯಿಂದ ನಾಲ್ಕು ಎಸಳು ತೆಗೆದು ಜಜ್ಜಿ, ಅರ್ಧ ಟೀ ಚಮಚ ನಿಂಬೆರಸ ಬೆರೆಸಿ, ಬಿಳಿ ಪಿಂಗಾಣಿ ಸಾಸರ್‌ನಲ್ಲಿ ಮುಚ್ಚಿ ರಾತ್ರಿಯಿಡೀ ಹೊರಗಿಡಿ. ಬೆಳಿಗ್ಗೆ ನೀಲಿ ಛಾಯೆ ಕಂಡರೆ ಚೀಲ ಇನ್ನೊಂದು ವಾರ ಅಲ್ಲೇ ತೂಗಲಿ. ಕಲ್ಲು ಅಥವಾ ಸ್ಟೀಲ್ ಕುಟ್ಟಾಣಿಯನ್ನೇ ಬಳಸಿ. ಹಿತ್ತಾಳೆಯದ್ದಾದರೆ ತಾಮ್ರದಿಂದ ಬರುವ ಹಸಿರೂ ಸೇರಿ ಪರೀಕ್ಷೆ ಗೊಂದಲವಾಗುತ್ತದೆ.

ಮಾಲು ಕೊಡುವವರ ಬಗ್ಗೆ ಎರಡು ಮಾತು ಹೇಳದೆ ಆಗದು. ‘ಕೋಲ್ಡ್ ಸ್ಟೋರೇಜ್ ಮಾಲಾ?’ ಅಂತ ಯಾವ ಅಂಗಡಿಯಲ್ಲಿ ಕೇಳಿದರೂ ‘ಇಲ್ಲ, ನಿನ್ನೆ ಬಂದಿದ್ದು’ ಅನ್ನುವುದೇ ಉತ್ತರ. ಲಾರಿ ನಿನ್ನೆ ಬಂದಿರಬಹುದು, ಗಡ್ಡೆ ಎಲ್ಲಿತ್ತು ಅನ್ನುವುದು ಪ್ರಶ್ನೆ. ಒಂದು ಎಸಳನ್ನು ಉದ್ದಕ್ಕೆ ಸೀಳಿ ನೋಡಿ: ಒಳಗಿನ ಮೊಳಕೆ ಅರ್ಧಕ್ಕಿಂತ ಮೇಲೆ ಬಂದಿದ್ದರೆ ಬೇಡ ಅನ್ನಿ. ಸೂಪರ್ ಮಾರ್ಕೆಟ್ಟಿನ ತಣ್ಣನೆ ಕಪಾಟಿನಲ್ಲಿ ಸುಲಿದಿಟ್ಟ ಎಸಳಿನ ಟ್ರೇ ಇದೆಯಲ್ಲ, ಅದರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಸುಲಿಯುವ ಕೂಲಿ, ಟ್ರೇ, ಕಪಾಟಿನ ಕರೆಂಟು ಎಲ್ಲವನ್ನೂ ಗಿರಾಕಿಯ ಮೇಲೆ ಹಾಕಿ, ಕೊನೆಗೆ ಕೈಗೆ ಕೊಡುವುದು ತಣ್ಣಗಿದ್ದು ಜಜ್ಜುಗಾಯವಾದ, ಖಂಡಿತ ಹಸಿರಾಗುವ ಎಸಳು. ಸುಲಿಯಲು ಬೇಜಾರಾದರೆ ಬಿಡಿಸಿದ ಎಸಳಿಗೆ ಎಣ್ಣೆ ಸವರಿ ಮೊರದಲ್ಲಿ ಒಂದೆರಡು ಗಂಟೆ ಬಿಸಿಲಿಗಿಡಿ, ಕೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಶುಂಠಿಯವರು ತೊಳೆದು ಹೊಳೆಯುವಂತೆ ಇಟ್ಟಿದ್ದನ್ನು ತರಬೇಡಿ, ನೀರಿನ ತೂಕಕ್ಕೂ ದುಡ್ಡು ಹೋಗುತ್ತದೆ, ಬೇಗ ಕೊಳೆಯುತ್ತದೆ ಕೂಡ. ಮುರಿದಾಗ ಒಳಗೆ ನೀಲಿ ಉಂಗುರ ಕಂಡರೆ ಹೆದರಬೇಡಿ. ಗಟ್ಟಿಯಿದ್ದು ವಾಸನೆ ಸರಿಯಿದ್ದರೆ ಅದು ಕೆಲವು ತಳಿಗಳ ಗುಣ.

ದುಡ್ಡಿನ ಮಾತು ಬಂದದ್ದಕ್ಕೆ ಮುಂದಿನ ಯೋಜನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ಹುಳಿಪುಡಿ. ಪೇಸ್ಟಿಗಿಂತ ದೊಡ್ಡ ಉಳಿತಾಯ ಅಲ್ಲಿದೆ. ಕಿಲೋ ಲೆಕ್ಕಕ್ಕೆ ಇಳಿಸಿ ನೋಡಿದರೆ ಪುಡಿಯ ಪೊಟ್ಟಣದಲ್ಲಿ ನಾವು ಕೊತ್ತಂಬರಿ ಬೀಜಕ್ಕೆ ಮೆಣಸಿನಕಾಯಿಯ ಬೆಲೆ ಕೊಡುತ್ತಿರುತ್ತೇವೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಅದು ಸರಿ. ಆದರೆ ಬ್ಯಾಡಗಿಯಲ್ಲೂ ಡಬ್ಬಿ, ಕಡ್ಡಿ ಅಂತ ಎರಡು ಬಗೆಯ ಕಾಯಿ. ದುಂಡಗಿನ ಡಬ್ಬಿಯಲ್ಲಿ ಬಣ್ಣ ಹೆಚ್ಚು, ಬೆಲೆಯೂ ಹೆಚ್ಚು. ಡಬ್ಬಿ ಕಡಿಮೆ ಮಾಡಿ ಕಡ್ಡಿ ಹೆಚ್ಚಿಸಿದರೆ ಸಾರಿನ ಕೆಂಪು ಎಲ್ಲಿಯವರೆಗೆ ನಿಲ್ಲುತ್ತದೆ ಅನ್ನುವುದೇ ಪ್ರಯೋಗ. ಹೊಸ ಕಾಯಿ ಮಾರುಕಟ್ಟೆಗೆ ಬರಲಿ, ಆಗ ಅದರದೇ ಟಿಪ್ಪಣಿ.

ಮರಳಿ ಪೇಸ್ಟಿಗೆ. ಈಗ ನಿಂತಿರುವ ಅಳತೆ: ಸುಲಿದ ಬೆಳ್ಳುಳ್ಳಿ 500 ಗ್ರಾಂ, ಹೆರೆದ ಶುಂಠಿ 500 ಗ್ರಾಂ, ಉಪ್ಪು 30 ಗ್ರಾಂ, ವಾಸನೆಯಿಲ್ಲದ ಎಣ್ಣೆ 50 ಗ್ರಾಂ. ನೀರು ಒಂದು ಹನಿಯೂ ಇಲ್ಲ. ಶುಂಠಿಯನ್ನು ನಾರಿಗೆ ಅಡ್ಡಲಾಗಿ ತೆಳು ಬಿಲ್ಲೆ ಮಾಡಿ ಅದನ್ನೇ ಮೊದಲು ರುಬ್ಬಿ. ಅದು ಬಿಡುವ ರಸ, ಎಣ್ಣೆ ಇಷ್ಟೇ ಸಾಕು ಬ್ಲೇಡ್ ತಿರುಗಲು. ಉದ್ದಕ್ಕೆ ಹೆಚ್ಚಿದರೆ ನಾರು ಬ್ಲೇಡಿನ ಬುಡಕ್ಕೆ ಸುತ್ತಿಕೊಂಡು ಮಿಕ್ಸಿ ಬಿಸಿಯಾಗುತ್ತದೆ. ಬೆಳ್ಳುಳ್ಳಿ, ಉಪ್ಪು ಕೊನೆಗೆ, ಬಿಟ್ಟುಬಿಟ್ಟು ತಿರುಗಿಸಿ ತರಿಯಾಗಿದ್ದಾಗಲೇ ನಿಲ್ಲಿಸಿ. ಎಸಳು ಒಡೆದ ಕ್ಷಣದಿಂದ ಗಡಿಯಾರ ಓಡುತ್ತಿದೆ ಅನ್ನುವುದು ನೆನಪಿರಲಿ.

ಅದಕ್ಕೇ ಐಸ್ ಟ್ರೇ ಬಿಟ್ಟದ್ದು. ಪೇಸ್ಟಿನ ದಪ್ಪ ತುಂಡು ಒಳತನಕ ಹೆಪ್ಪುಗಟ್ಟಲು ಗಂಟೆಗಟ್ಟಲೆ ಬೇಕು. ಬದಲಿಗೆ ಜಿಪ್ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಲಟ್ಟಣಿಗೆಯಲ್ಲಿ 5 ಮಿಲಿಮೀಟರ್ ದಪ್ಪಕ್ಕೆ ಹರಡಿ ಸ್ಟೀಲ್ ತಟ್ಟೆಯ ಮೇಲೆ ಫ್ರೀಜರ್‌ಗೆ. ಅರ್ಧ ಗಟ್ಟಿಯಾದಾಗ ಚೀಲದ ಮೇಲಿಂದಲೇ ಸ್ಕೇಲಿನ ಅಂಚಿನಿಂದ ಗೆರೆ ಒತ್ತಿ. ಐದೂವರೆ ಸೆಂಟಿಮೀಟರ್‌ನ ಚೌಕ ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ. ಉಪ್ಪು, ಎಣ್ಣೆ ಇರುವುದರಿಂದ ಕಲ್ಲಿನಂತೆ ಆಗುವುದಿಲ್ಲ, ಗೆರೆಯಲ್ಲಿ ಕೈಯಿಂದಲೇ ಮುರಿಯುತ್ತದೆ. ಮುರಿದ ತುಂಡು ನೇರ ಬಿಸಿ ಎಣ್ಣೆಗೆ. ಕರಗಿಸಿಟ್ಟರೆ ನಿಂತಿದ್ದ ಕೆಲಸ ಮತ್ತೆ ಶುರುವಾಗುತ್ತದೆ.

ಹಸಿ ಪೇಸ್ಟಿಗೆ ಇನ್ನೊಂದು ಲಾಭವಿದೆ. ಶುಂಠಿಯಲ್ಲಿ ಝಿಂಜಿಬೈನ್ ಎಂಬ ಕಿಣ್ವ ಮಾಂಸದ ನಾರನ್ನು ಮೃದು ಮಾಡುತ್ತದೆ. ಬಿಸಿ ಮಾಡಿ ತುಂಬಿದ ಪೇಸ್ಟಿನಲ್ಲಿ ಅದು ಸತ್ತಿರುತ್ತದೆ. ಮಟನ್‌ಗೆ ಇದು ವರ, ಕೋಳಿಗೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಮೇಲ್ಪದರ ಹಿಟ್ಟುಹಿಟ್ಟಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಉಳಿತಾಯದ ಆಸೆ ಬೇಡ. ಪೇಸ್ಟನ್ನು ಬಾಟಲಿಗೆ ತುಂಬಿ ಮೇಲೆ ಎಣ್ಣೆ ನಿಲ್ಲಿಸಿ ಹೊರಗಿಡುವ ಪದ್ಧತಿ ಅಪಾಯ. ಮಣ್ಣಿನಲ್ಲಿ ಬೆಳೆಯುವ ಬೆಳ್ಳುಳ್ಳಿಯ ಮೇಲೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬೀಜಾಣು ಇರಬಹುದು. ಗಾಳಿಯಿಲ್ಲದ ಎಣ್ಣೆಯ ಅಡಿಯಲ್ಲಿ, ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 4.6ಕ್ಕಿಂತ ಮೇಲಿದ್ದರೆ, ಅದು ವಿಷ ಮಾಡುತ್ತದೆ. ವಾಸನೆ, ಬಣ್ಣ ಯಾವುದೂ ಸುಳಿವು ಕೊಡದೆ ಇರಬಹುದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಕೊಚ್ಚಿದ ಬೆಳ್ಳುಳ್ಳಿಯಿಂದಲೇ ಒಂದು ಹೋಟೆಲಿನಲ್ಲಿ ಉಂಡ ಹಲವರು ಬೊಟುಲಿಸಂಗೆ ತುತ್ತಾದರು. ನಮ್ಮ ಅಳತೆಯ ಉಪ್ಪು ಅದನ್ನು ತಡೆಯುವಷ್ಟಿಲ್ಲ. ಹಾಗಾಗಿ ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನಕ್ಕೆ ಬೇಕಾದಷ್ಟು ಮಾತ್ರ, ಉಳಿದದ್ದೆಲ್ಲ ಫ್ರೀಜರ್‌ನಲ್ಲಿ. ಮೇಲೆ ಕೂದಲಿನಂಥ ಬೂಷ್ಟು ಕಂಡರೆ, ಮುಚ್ಚಳ ಉಬ್ಬಿದರೆ, ಇಡೀ ಡಬ್ಬಿ ಕಸಕ್ಕೆ. ಅಷ್ಟು ದಿನದೊಳಗೆ, ಫ್ರಿಜ್‌ನಲ್ಲೇ ಇದ್ದ ಪೇಸ್ಟ್ ಪೂರ್ತಿ ಒಂದೇ ಸಮನೆ ನೀಲಿ-ಹಸಿರಾಗಿದ್ದು ವಾಸನೆ ಸರಿಯಿದ್ದರೆ ಅದು ಮೇಲೆ ಹೇಳಿದ ಬಣ್ಣ, ಎಸೆಯಬೇಕಿಲ್ಲ, ಪಾಲಕ್ ಇರುವ ಅಡುಗೆಗೆ ಹಾಕಿ.

ಈಗ ಉಳಿದಿರುವ ಕೆಲಸ, ಶುಂಠಿ ಮತ್ತು ಬೆಳ್ಳುಳ್ಳಿಗೆ ಬೇರೆಬೇರೆ ಹಾಳೆ ಮಾಡುವುದು. ಚಹಾಗೆ ಶುಂಠಿ ಮಾತ್ರ ಬೇಕು, ಒಗ್ಗರಣೆಗೆ ಬೆಳ್ಳುಳ್ಳಿ ಮಾತ್ರ. ಬೆಳ್ಳುಳ್ಳಿಯ ದರ ಏರಿದಾಗ ಪ್ರಮಾಣ ತಗ್ಗಿಸಲೂ ಸುಲಭ. ಬರೀ ಬೆಳ್ಳುಳ್ಳಿಯಲ್ಲಿ ರಸ ಕಡಿಮೆ, ಆದ್ದರಿಂದ ಎಣ್ಣೆಯನ್ನು ನೂರಕ್ಕೆ ಎಂಟು ಗ್ರಾಂಗೆ ಏರಿಸಿ ಶುರು ಮಾಡುವುದು ಅಂತ ಇದೆ. ಚೀಲ ಅಟ್ಟದ ಮೇಲೆ ತೂಗುತ್ತಿದೆ, ಈ ವಾರ ನಿಂಬೆ ಪರೀಕ್ಷೆ.